ಗಾಬರಿ ಮಾತ್ರೆಯ ತೂಕಡಿಕೆ: ನಾನು ನಿಭಾಯಿಸಿದ್ದು

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಹಣ್ಣಿನ ತೂಕ, ನಡುವೆ ಲೆಕ್ಕ. ಎದೆ ಡವಡವ, ಕಾರಣವಿಲ್ಲದ ಗಾಬರಿ, ರಾತ್ರಿ ನಿದ್ದೆ ಇಲ್ಲ ಅಂತ ಚಿಕ್ಕಮಗಳೂರಿಗೆ ಹೋಗಿ ಮನೋವೈದ್ಯರಿಗೆ ತೋರಿಸಿದೆ. ಬೆಳಿಗ್ಗೆ ಎಸಿಟಲೋಪ್ರಾಮ್, ರಾತ್ರಿ ಕ್ಲೋನಜೆಪಾಮ್ 0.5 ಮಿಲಿಗ್ರಾಂ ಬರೆದರು. ಮೊದಲನೆಯದು ಹಿಡಿಯೋಕೆ ಕೆಲವು ವಾರ ಬೇಕು, ಅಲ್ಲಿವರೆಗೆ ಎರಡನೆಯದು ಆಸರೆಗೆ ಅಂದರು.

ಗಾಬರಿ ಬೇಗ ತಗ್ಗಿತು. ಆದರೆ ಹಗಲು ತೂಕಡಿಕೆ ಶುರುವಾಯಿತು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಬರೆದು ಮುಂದಿನದಕ್ಕೆ ಪೆನ್ನು ಹೋಗೋಕೆ ಹೊತ್ತಾಗುತ್ತಿತ್ತು. "ರೈಟ್ರೇ, ರಾತ್ರಿ ನಿದ್ದೆ ಮಾಡ್ಲಿಲ್ವಾ?" ಅಂತ ಕೊಯ್ಲಿನ ಹೆಂಗಸರು ಕೇಳೋರು. ಚೆನ್ನಾಗೇ ಮಾಡಿರುತ್ತಿದ್ದೆ!

ಬೆಲ್ಲದ ಕಾಫಿ ಜಾಸ್ತಿ ಕುಡಿದು ನೋಡಿದೆ. ಕಣ್ಣು ಬಿಡುವಷ್ಟರಲ್ಲಿ ಎದೆ ಹೊಡೆದುಕೊಳ್ಳೋದು. ಇದು ಕಾಫಿಯದೋ ಕಾಯಿಲೆಯದೋ ಅಂತ ಮತ್ತೆ ಗಾಬರಿ. ತೋಟದಲ್ಲೇ ಇದ್ದರೂ ಕಾಫಿ ಕಡಿಮೆ ಮಾಡಬೇಕಾಯಿತು.

ನಿಜಕ್ಕೂ ಉಪಯೋಗಕ್ಕೆ ಬಂದದ್ದು ಒಂದು ಹಳೇ ನೋಟ್‌ಬುಕ್. "ತುಂಬಾ ಮಂಪರು ಡಾಕ್ಟ್ರೇ" ಅಂದರೆ ಅವರಿಗೂ ಏನು ತಿಳಿಯಬೇಕು? ಯಾವ ಹೊತ್ತಿಗೆ, ಎಷ್ಟು ಹೊತ್ತು ಅಂತ ಬರೆದಿಟ್ಟೆ. "ಮಾತ್ರೆ 10.30. ಎದ್ದದ್ದು 6. 9ಕ್ಕೆ ಕಣ್ಣು ಎಳೀತಿದೆ. 11.30ಕ್ಕೆ ಪರವಾಗಿಲ್ಲ. ಊಟ ಆದ ಮೇಲೆ ಮತ್ತೆ." ಇಷ್ಟೇ. ಮುಂದಿನ ಸಲ ಡಾಕ್ಟರು ಅದನ್ನೇ ತಿರುವಿ ಹಾಕಿ ನೋಡಿದರು. ರಾತ್ರಿಯ ಕ್ಲೋನಜೆಪಾಮ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 30ರಿಂದ 40 ಗಂಟೆ ಬೇಕಂತೆ. ದಿನಾ ತಗೊಂಡರೆ ನಿನ್ನೆಯದು ಇನ್ನೂ ಇರುವಾಗಲೇ ಇವತ್ತಿನದು ಸೇರುತ್ತೆ. ಹಾಗಾಗಿ ಹೊತ್ತು ಬದಲಿಸಿದರೆ ಮಾತ್ರ ಸಾಲದು ಅಂತ ಪ್ರಮಾಣವನ್ನೂ 0.25ಕ್ಕೆ ಇಳಿಸಿದರು, ರಾತ್ರಿ ಎಂಟೂವರೆಗೇ ನುಂಗಲು ಹೇಳಿದರು. ನಿಧಾನಕ್ಕೆ ಬೆಳಗಿನ ಭಾರ ಇಳಿಯಿತು.

ನಡುವೆ ಶೀತ ಆಯಿತು. ಸುಮ್ನೆ ಒಂದು ಮಾತ್ರೆ ತಗೊಳ್ಳೋಣ ಅಂತ ಹೋದರೆ, ಮೆಡಿಕಲ್ ಶಾಪಿನವರು "ಕ್ಲೋನಜೆಪಾಮ್ ತಗೊಳ್ತೀರಲ್ಲ, ಅದರ ಜೊತೆ ಬೇಡ" ಅಂತ ತಡೆದರು. ಶೀತದ ಎಷ್ಟೋ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತೆ, ಅದೂ ಮಂಪರು ತರಿಸುತ್ತೆ. ಇನ್ನು ಎಣ್ಣೆ ಅಂತೂ ಪೂರ್ತಿ ಬಂದ್. ಕ್ಲೋನಜೆಪಾಮ್ ಜೊತೆ ಕುಡಿದರೆ ಉಸಿರಾಟಕ್ಕೇ ತೊಂದರೆ ಆಗಬಹುದು. ಮದುವೆ ಮನೆಗಳಲ್ಲಿ "ಒಂದು ಪೆಗ್ ಅಷ್ಟೇ ಕಣೋ" ಅನ್ನೋರಿಗೆ "ಮಾತ್ರೆ ನಡೀತಿದೆ" ಅಂದುಬಿಡುತ್ತಿದ್ದೆ. ಯಾವ ಮಾತ್ರೆ ಅಂತ ಯಾರೂ ಕೇಳಲಿಲ್ಲ.

ಬೈಕ್ ಮುಟ್ಟಲೇ ಇಲ್ಲ. ನಮ್ಮ ಕಡೆಯ ತಿರುವು, ಮಂಜು ಗೊತ್ತಲ್ವಾ? ಎಚ್ಚರ ಇರೋನಿಗೇ ಕಷ್ಟ. ಬೆಳಿಗ್ಗೆ ತೋಟದ ಜೀಪಿನಲ್ಲಿ ಹೋಗುತ್ತಿದ್ದೆ, ಪೇಟೆಗೆ ಬಸ್ಸು.

"ನಿದ್ದೆ ಬರೋದಾದ್ರೆ ಬಿಟ್ಟುಬಿಡೋ ಅತ್ಲಾಗೆ" ಅಂತ ಅಮ್ಮನ ಒತ್ತಾಯ. ದಿನಾ ತಗೊಳ್ಳೋ ಈ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಗಾಬರಿ ದುಪ್ಪಟ್ಟಾಗಿ ವಾಪಸ್ ಬರಬಹುದು, ಫಿಟ್ಸ್ ಕೂಡ ಬರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಎಸಿಟಲೋಪ್ರಾಮ್ ಹಿಡಿದ ಮೇಲೆ ಅವರೇ ಕ್ಲೋನಜೆಪಾಮನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಈಗ ತಿಂಡಿ ಆದ ಮೇಲಿನ ಎಸಿಟಲೋಪ್ರಾಮ್ ಒಂದೇ. ಬೈಕ್ ಮತ್ತೆ ತೆಗೆದಿದ್ದೇನೆ. ಚಾರ್ಮಾಡಿ ಘಾಟಿ ಇಳಿಯೋದಾದರೆ ಮಾತ್ರ ಇನ್ನೂ ಬಸ್ಸೇ.