ವಡೆ ಒತ್ತಿದರೆ ಖಾರಾಬಾತ್ ಬಂತು: ಆಟಕ್ಕೆ ಮೆನು ಬರೆದ ನನ್ನ ಅನುಭವ

ರಾತ್ರಿ ಊಟ ಆದ ಮೇಲೆ ದಿನಾ ಒಂದು ಗಂಟೆ ಕೂತು ಒಂದು ಸಣ್ಣ ಆಟ ಮಾಡುತ್ತಿದ್ದೇನೆ. ದರ್ಶಿನಿ ಹೋಟೆಲಿನ ಆಟ. ಆಡುವವರು ಗಲ್ಲಾದಲ್ಲಿ ಕೂತಿರುತ್ತಾರೆ. ಗಿರಾಕಿ ಕೇಳಿದ ತಿಂಡಿಯ ಬಟನ್ ಒತ್ತಿ ಟೋಕನ್ ಕೊಡಬೇಕು, ಅಷ್ಟೇ. ಎಂಜಿನ್, ಅಂದರೆ ಆಟ ಕಟ್ಟುವ ಸಾಫ್ಟ್‌ವೇರ್, ಗೊಡಾಟ್; ಕೋಡ್ ಅದರದ್ದೇ ಭಾಷೆ ಜಿಡಿಸ್ಕ್ರಿಪ್ಟ್‌ನಲ್ಲಿ.

ಶುರುವಿನಲ್ಲಿ ಐದು ತಿಂಡಿಗೆ ಐದು ಬಟನ್‌ಗಳನ್ನು ನಾನೇ ಒಂದೊಂದಾಗಿ ಎಳೆದು ಇಟ್ಟಿದ್ದೆ. ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್, ಸಂಜೆಗೆ ಬೋಂಡಾ ಸೇರಿಸಲು ಹೋದಾಗ ಸಾಕುಸಾಕಾಯಿತು. ಎಲ್ಲವನ್ನೂ ಕಿತ್ತು ಹಾಕಿ ಒಂದು ಅರೇ, ಅಂದರೆ ಸಾಲುಪಟ್ಟಿ, ಮಾಡಿದೆ. ಅದರಲ್ಲಿ ತಿಂಡಿಗೊಂದು ಡಿಕ್ಷನರಿ, ಅಂದರೆ ವಿವರಗಳ ಚೀಟಿ: ಹೆಸರು, ಬೆಲೆ, ಎಷ್ಟು ಪ್ಲೇಟ್ ಉಳಿದಿದೆ. ಪರದೆಯ ಮೇಲೆ ಬರೀ ಒಂದು ಖಾಲಿ ವಿಬಾಕ್ಸ್ ಕಂಟೇನರ್, ಒಳಗಿಟ್ಟದ್ದನ್ನು ಮೇಲಿಂದ ಕೆಳಗೆ ಜೋಡಿಸುವ ಡಬ್ಬ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೋಡ್) ಓಡಿದ ಹಾಗೆ ಒಂದೊಂದು ತಿಂಡಿಗೂ ಒಂದು ಬಟನ್ ಹುಟ್ಟಿ ಅದರೊಳಗೆ ಸಾಲಾಗಿ ಕೂರುತ್ತದೆ. ಹತ್ತು ಹನ್ನೆರಡು ಸಾಲಿನ ಕೋಡ್. ಅವತ್ತು ಖುಷಿಯಲ್ಲಿ ಮಲಗಿದೆ.

ಮಾರನೇ ದಿನ ಅಕ್ಕನ ಮಗ ಆಡಲು ಕೂತ. ಹತ್ತು ನಿಮಿಷಕ್ಕೆ ಕೂಗಿದ, "ಮಾಮ, ವಡೆ ಒತ್ತಿದ್ರೆ ಖಾರಾಬಾತ್ ಬರ್ತಿದೆ!"

ಆಗಿದ್ದು ಇಷ್ಟು. ಪ್ರತಿ ಬಟನ್‌ಗೂ ಅದರ ತಿಂಡಿಯ ಇಂಡೆಕ್ಸ್, ಅಂದರೆ ಅರೇಯಲ್ಲಿ ಸೊನ್ನೆಯಿಂದ ಎಣಿಸುವ ಸ್ಥಾನದ ನಂಬರ್, ಕಟ್ಟಿಟ್ಟಿದ್ದೆ. ಇಡ್ಲಿ 0, ವಡೆ 1, ಖಾರಾಬಾತ್ 2, ಕೇಸರಿಬಾತ್ 3, ಕಾಫಿ 4. ಇಡ್ಲಿ ಮುಗಿದ ಕೂಡಲೇ ಅದನ್ನು ಅರೇಯಿಂದ ತೆಗೆದು, ಅದರ ಬಟನ್ ಮರೆ ಮಾಡುತ್ತಿದ್ದೆ. ಅರೇಯಲ್ಲಿ ಉಳಿದವು ಒಂದೊಂದು ಮನೆ ಮುಂದೆ ಬಂದವು. ಬಟನ್‌ಗಳ ಹತ್ತಿರ ಮಾತ್ರ ಹಳೇ ನಂಬರ್‌ಗಳೇ. ವಡೆಯ ಬಟನ್ 1 ಎಂದು ಕೇಳಿತು, ಅಲ್ಲಿ ಈಗ ಖಾರಾಬಾತ್ ಕೂತಿದೆ. ಕಾಫಿ ಒತ್ತಿದರೆ ಇನ್ನೂ ಚೆನ್ನ: 4 ಎಂಬ ನಂಬರೇ ಈಗ ಅರೇಯಲ್ಲಿಲ್ಲ, ಆಟ ಎರರ್ ಕೊಟ್ಟು ನಿಂತಿತು.

ಆಮೇಲೆ ಪ್ರತಿ ತಿಂಡಿಗೂ ಎಂದೂ ಬದಲಾಗದ ಒಂದು ಗುರುತು ಕೊಟ್ಟೆ. ಬಟನ್ ಒತ್ತಿದಾಗ ಹೊರಡುವ ಪ್ರೆಸ್ಡ್ ಸಿಗ್ನಲ್‌ಗೆ ಬೈಂಡ್ ಮಾಡುವುದು (ಕಟ್ಟಿಡುವುದು) ಈಗ ಆ ಗುರುತನ್ನೇ, ಇಂಡೆಕ್ಸ್ ಅಲ್ಲ. ಅರೇ ಬದಲಾದಾಗೆಲ್ಲ ಹಳೇ ಬಟನ್ ಅಷ್ಟನ್ನೂ ತೆಗೆದು ಹೊಸದಾಗಿ ಕಟ್ಟುತ್ತೇನೆ. ಹತ್ತಿಪ್ಪತ್ತು ಬಟನ್‌ಗೆ ಅದೇನೂ ಭಾರವಲ್ಲ. ಒಂದು ಎಚ್ಚರ ಬೇಕು. ಬಟನ್ ಅಳಿಸಲು ಕ್ಯೂ ಫ್ರೀ ಎಂದರೆ ಅದು ತಕ್ಷಣ ಹೋಗುವುದಿಲ್ಲ, ಆ ಫ್ರೇಮ್ (ಪರದೆಯ ಒಂದು ಚಿತ್ರ) ಮುಗಿಯುವವರೆಗೂ ಅಲ್ಲೇ ಇರುತ್ತದೆ. ನಾನು ಕಂಟೇನರ್‌ನ ಮೊದಲ ಮಗುವಿಗೆ, ಅಂದರೆ ಅದರೊಳಗಿನ ಮೊದಲ ಬಟನ್‌ಗೆ, ಫೋಕಸ್ ಕೊಡಲು (ಆಯ್ಕೆ ಅದರ ಮೇಲಿಡಲು) ಹೋಗಿ ಸಾಯಲು ಕಾಯುತ್ತಿದ್ದ ಹಳೇ ಬಟನ್‌ಗೇ ಕೊಡುತ್ತಿದ್ದೆ. ಮೊದಲು ರಿಮೂವ್ ಚೈಲ್ಡ್ ಎಂದು ಕಂಟೇನರ್‌ನಿಂದ ಬಿಡಿಸಿ, ಆಮೇಲೆ ಕ್ಯೂ ಫ್ರೀ ಮಾಡಿದರೆ ಈ ತಲೆನೋವಿಲ್ಲ.

ಆದರೂ ಒಂದು ಕಿರಿಕಿರಿ ಉಳಿಯಿತು. ಇಡ್ಲಿ ಮಾಯವಾದ ಕ್ಷಣ ಕೆಳಗಿನವೆಲ್ಲ ಮೇಲೆ ಜಿಗಿಯುತ್ತವೆ, ಬೆರಳು ಬೇರೆಯದರ ಮೇಲೆ ಬೀಳುತ್ತದೆ. ನಿಜವಾದ ಹೋಟೆಲಿನ ಬೋರ್ಡಿನಲ್ಲಿ ಇಡ್ಲಿ ಮುಗಿದರೆ ಹೆಸರನ್ನು ಯಾರಾದರೂ ಕಿತ್ತು ಹಾಕುತ್ತಾರಾ? ಈಗ ಮುಗಿದ ತಿಂಡಿ ಅದೇ ಜಾಗದಲ್ಲಿ ಮಂಕಾಗಿ, ಪಕ್ಕದಲ್ಲಿ 'ಖಾಲಿ' ಎಂದು ಹಾಕಿಕೊಂಡು ಕೂತಿರುತ್ತದೆ. ಪಟ್ಟಿ ಪೂರ್ತಿ ಬದಲಾಗುವುದು ಹೊತ್ತು ಬದಲಾದಾಗ ಮಾತ್ರ.

ಇನ್ನೊಂದು ತಪ್ಪು ಹಿಡಿಯಲು ಮೂರು ರಾತ್ರಿ ಹೋಯಿತು. ಆಟದ ಎರಡನೇ ದಿನ ಬೆಳಗಾದರೆ ಅಡುಗೆಮನೆಯೇ ಬರಿದು. 'ಇವತ್ತಿನ ಮೆನು' ಎಂಬ ವೇರಿಯಬಲ್‌ಗೆ ಮೂಲ ಅರೇಯನ್ನು ಸುಮ್ನೆ ಅಸೈನ್ ಮಾಡಿದ್ದೆ. ಅದು ನಕಲು ಆಗುವುದಿಲ್ಲ, ಎರಡು ಹೆಸರು, ಅರೇ ಒಂದೇ; ಮಾರಿದ ಪ್ಲೇಟ್ ಮೂಲದಲ್ಲೂ ಕಳೆಯುತ್ತಿತ್ತು. ನಕಲು ಮಾಡುವ ಡುಪ್ಲಿಕೇಟ್ ಫಂಕ್ಷನ್ ಹಾಕಿದೆ, ಆದರೂ ಅದೇ ಕಥೆ! ಹೊರಗಿನ ಅರೇ ಏನೋ ಹೊಸದಾಗಿತ್ತು, ಒಳಗಿನ ಡಿಕ್ಷನರಿಗಳು ಹಳೆಯವೇ. ಡುಪ್ಲಿಕೇಟ್‌ನ ಆವರಣದೊಳಗೆ ಟ್ರೂ ಕೊಟ್ಟ ಮೇಲೆ ಒಳಗಿನದೂ ನಕಲಾಗಿ, ಎರಡನೇ ದಿನವೂ ಇಡ್ಲಿ ಸಿಕ್ಕಿತು.

ಕನ್ನಡದ ವಿಷಯ. ಗೊಡಾಟ್ 3ರಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ, ಇಡ್ಲಿಯ ಲ ಒತ್ತು ಬೇರೆ ಬಿದ್ದಿರುತ್ತಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೊಡಾಟ್ 4ರಲ್ಲಿ ಅದು ಸರಿಯಾಯಿತು. ಆದರೆ ಬ್ರೌಸರಿಗೆ ಎಕ್ಸ್‌ಪೋರ್ಟ್ ಮಾಡಿದರೆ ಬರೀ ಚೌಕಗಳು ಕಾಣುತ್ತವೆ, ಅಲ್ಲಿ ಕಂಪ್ಯೂಟರಿನ ಫಾಂಟ್ ಸಿಗುವುದಿಲ್ಲ. ಅದಕ್ಕೆ ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್ ಫೈಲನ್ನು ಆಟದ ಜೊತೆಗೇ ಇಟ್ಟೆ.

ಹೋದ ವಾರ ಅಕ್ಕನ ಮಗ ತಾನೇ ಅರೇಗೆ ಒಂದು ಸಾಲು ಸೇರಿಸಿದ: ಗೋಬಿ ಮಂಚೂರಿ. ಬೇರೇನೂ ಮುಟ್ಟಲಿಲ್ಲ, ಬಟನ್ ತಾನಾಗಿ ಬಂತು. ಒತ್ತಿದ ಕೂಡಲೇ ಆಟ ನಿಂತಿತು. ಬೆಲೆಯನ್ನು ಉದ್ಧರಣ ಚಿಹ್ನೆಯೊಳಗೆ "40" ಎಂದು ಬರೆದಿದ್ದ, ಅದನ್ನು ಬಿಲ್ಲಿನ ಮೊತ್ತಕ್ಕೆ ಕೂಡಿಸಲು ಆಗಲಿಲ್ಲ. ಈಗ ಆಟ ಶುರುವಾಗುವ ಮೊದಲು ಅರೇಯ ಪ್ರತಿ ಸಾಲನ್ನೂ ಪರೀಕ್ಷಿಸಿ, ಯಾವ ತಿಂಡಿಯ ಬೆಲೆ ತಪ್ಪಿದೆ ಎಂದು ಹೆಸರು ಹಿಡಿದು ಹೇಳುವ ಒಂದು ಫಂಕ್ಷನ್ ಬರೆದಿದ್ದೇನೆ. ಗೋಬಿ ಮಂಚೂರಿ ದರ್ಶಿನಿಯಲ್ಲಿ ಇರಬೇಕೋ ಬೇಡವೋ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.