ವಿಂಗ್ ಫಾಯಿಲ್ ಕಲಿಯೋದು ಹೇಗೆ? ಮೊದಲು ಕೈಗೆ ಗಾಳಿ ಗೊತ್ತಾಗಲಿ

ವಿಂಗ್ ಫಾಯಿಲ್ ಅಂದರೆ ಗಾಳಿ ತುಂಬಿಸಿದ ಪಟದಂಥ ವಿಂಗನ್ನು ಕೈಯಲ್ಲಿ ಹಿಡಿದು, ಬೋರ್ಡ್ ಮೇಲೆ ನಿಂತು, ನೀರಿಗಿಂತ ಮೇಲೆದ್ದು ಸಾಗುವ ಆಟ. ತುಮಕೂರಿನಲ್ಲಿ ಇದ್ದುಕೊಂಡು ಇಂಥ ಕಡಲ ಆಟ ಕಲಿಯುತ್ತೇನೆ ಅಂದರೆ ಯಾರಾದರೂ ನಗುತ್ತಾರೆ. ನಮ್ಮ ಬೀದಿಯವರೂ ನಕ್ಕರು. 5 ಚದರ ಮೀಟರಿನ ವಿಂಗಿಗೆ ಗಾಳಿ ತುಂಬಿಸಿ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮೊದಲ ಸಲ ಎತ್ತಿ ಹಿಡಿದಾಗ ಎದುರು ಮನೆಯವರು "ಏನ್ ಸಾರ್, ಶಾಮಿಯಾನ ಬಿಸಿನೆಸ್ಸಾ?" ಅಂತ ಕೇಳಿದರು. ಒಬ್ಬ ಹುಡುಗ ಮಾತ್ರ ಸರಿಯಾದ ಪ್ರಶ್ನೆ ಕೇಳಿದ: "ಅಣ್ಣಾ, ಇದಕ್ಕೆ ಬಾಲಂಗೋಚಿ ಎಲ್ಲಿ?"

ಬಾಲಂಗೋಚಿ ಇಲ್ಲ, ಸೂತ್ರವೂ ಇಲ್ಲ. ಅವೆರಡರ ಕೆಲಸವನ್ನೂ ನಿಮ್ಮ ಎರಡು ಕೈಗಳೇ ಮಾಡಬೇಕು. ಆಷಾಢದ ಗಾಳಿಯಲ್ಲಿ ಪಟ ಹಾರಿಸಿ ಬೆಳೆದವರಿಗೆ ಅರ್ಧ ಪಾಠ ಆಗಲೇ ಬಂದಿರುತ್ತದೆ. ಉಳಿದರ್ಧಕ್ಕೆ ಕಡಲಿಗೆ ಹೋಗಬೇಕು.

ಸಾಮಾನು ಏನೇನು ಅಂತ ಮೊದಲು ನೋಡೋಣ. ಕೈಯಲ್ಲಿ ಹಿಡಿಯುವುದು ವಿಂಗ್. ಅದನ್ನು ಯಾವುದಕ್ಕೂ ಕಟ್ಟಿರುವುದಿಲ್ಲ, ಕೈ ತಪ್ಪಿ ಹೋಗದ ಹಾಗೆ ಲೀಶ್ ಅನ್ನುವ ಒಂದು ಹಗ್ಗ ಮಾತ್ರ ಮಣಿಕಟ್ಟಿಗೋ ಸೊಂಟಕ್ಕೋ ಇರುತ್ತದೆ. ಕಾಲಡಿಗೆ ಬೋರ್ಡ್. ಬೋರ್ಡಿನ ಕೆಳಗೆ ಸುಮಾರು 75 ಸೆಂಟಿಮೀಟರ್ ಉದ್ದದ ಕಂಬ, ಅದಕ್ಕೆ ಮಾಸ್ಟ್ ಅಂತಾರೆ, ಅದರ ತುದಿಯಲ್ಲಿ ಪುಟ್ಟ ವಿಮಾನದ ಹಾಗೆ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಚಿಕ್ಕ ರೆಕ್ಕೆ. ಇದೇ ಫಾಯಿಲ್. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ವಿಸ್ತಾರದಲ್ಲಿ ಮೊರದಷ್ಟೂ ಇಲ್ಲದ ರೆಕ್ಕೆ ನಿಮ್ಮನ್ನೂ ಬೋರ್ಡನ್ನೂ ನೀರಿನಿಂದ ಮೇಲೆತ್ತುತ್ತದೆ. ಇದೇನು ನಿನ್ನೆ ಮೊನ್ನೆಯ ಐಡಿಯಾ ಅಲ್ಲ. ಟೆಲಿಫೋನಿನ ಗ್ರಹಾಂ ಬೆಲ್ ಮತ್ತು ಜೊತೆಗಾರರು ಕಟ್ಟಿದ ಫಾಯಿಲ್ ದೋಣಿ 1919ರಲ್ಲೇ ಗಂಟೆಗೆ 114 ಕಿಲೋಮೀಟರ್ ಓಡಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೈಟ್ ಬೋರ್ಡಿಗೂ ವಿಂಡ್‌ಸರ್ಫಿಂಗ್ ಬೋರ್ಡಿಗೂ ಫಾಯಿಲ್ ಇತ್ತು.

ಅಳತೆ ವಿಷಯದಲ್ಲಿ ಜಂಬ ಬೇಡ. ನಿಮ್ಮ ತೂಕ 70 ಕಿಲೋ ಇದ್ದರೆ ಬೋರ್ಡಿನ ಗಾತ್ರ (ವಾಲ್ಯೂಮ್) 100ರಿಂದ 110 ಲೀಟರ್ ಇರಲಿ. ಮುಂದಿನ ರೆಕ್ಕೆ 1500 ಚದರ ಸೆಂಟಿಮೀಟರಿಗಿಂತ ಚಿಕ್ಕದು ಬೇಡ. ದೊಡ್ಡ ರೆಕ್ಕೆ ನಿಧಾನ, ಆದರೆ ಕ್ಷಮಿಸುತ್ತದೆ. ಚಿಕ್ಕದಕ್ಕೆ ಆ ಗುಣ ಇಲ್ಲ.

ಒಣ ನೆಲದಲ್ಲಿ ಎರಡು ವಾರ

ಇದನ್ನು ಬಿಟ್ಟು ಸೀದಾ ನೀರಿಗೆ ಹೋಗುವವರೇ ಜಾಸ್ತಿ. ನಾನು ಹೇಳುವುದು, ಬೇಡ. ರಾಗಿ ಕೊಯ್ದ ಹೊಲ, ಸ್ಕೂಲ್ ಮೈದಾನ, ಯಾವುದಾದರೂ ಸರಿ. ಕರೆಂಟ್ ಕಂಬ, ತೆಂಗಿನ ಮರ ಹತ್ತಿರ ಇರಬಾರದು, ಅಷ್ಟೇ.

ನಮ್ಮಜ್ಜಿ ಕಣದಲ್ಲಿ ರಾಗಿ ತೂರುವ ಮೊದಲು ಒಂದು ಹಿಡಿ ಹೊಟ್ಟು ಮೇಲಕ್ಕೆ ಬಿಟ್ಟು ನೋಡುತ್ತಿದ್ದರು. ಗಾಳಿ ಯಾವ ಕಡೆಯಿಂದ, ಎಷ್ಟು, ಒಂದೇ ಸಮ ಇದೆಯಾ ಇಲ್ಲ ಬಿಟ್ಟು ಬಿಟ್ಟು ಬರುತ್ತಿದೆಯಾ, ಮೂರೂ ಅಷ್ಟರಲ್ಲೇ ಗೊತ್ತಾಗುತ್ತಿತ್ತು. ನೀವೂ ಹಾಗೇ ಶುರು ಮಾಡಿ. ಒಣ ಹುಲ್ಲೋ ಮಣ್ಣೋ ಮೇಲಕ್ಕೆ ಬಿಟ್ಟು ನೋಡಿ.

ವಿಂಗಿನ ಮುಂದಿನ ಅಂಚಿಗೆ 6ರಿಂದ 8 ಪಿಎಸ್‌ಐ ಒತ್ತಡದಲ್ಲಿ ಗಾಳಿ ತುಂಬಿಸಬೇಕು. ಎಷ್ಟು ಅಂತ ವಿಂಗಿನ ಮೇಲೇ ಬರೆದಿರುತ್ತದೆ. ಗಾಳಿ ಕಮ್ಮಿ ಆದರೆ ಅದು ಬಾಡಿದ ಬಾಳೆ ಎಲೆ ಥರ ಮಡಚಿಕೊಳ್ಳುತ್ತದೆ. ಈಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮುಂದಿನ ಕೈಯಲ್ಲಿ, ಅಂದರೆ ಹೋಗಬೇಕಾದ ದಿಕ್ಕಿನ ಕಡೆಯ ಕೈಯಲ್ಲಿ, ಮುಂದಿನ ಹಿಡಿಕೆ ಹಿಡಿದು ವಿಂಗನ್ನು ತಲೆ ಮೇಲೆ ತನ್ನಿ. ಹಿಂದಿನ ಕೈ ಸಡಿಲ ಇರಲಿ. ವಿಂಗ್ ಸುಮ್ನೆ ತೇಲುತ್ತದೆ, ಎಳೆಯುವುದಿಲ್ಲ. ಈಗ ಹಿಂದಿನ ಕೈಯನ್ನು ಮೆಲ್ಲಗೆ ಮೈ ಕಡೆ ಎಳೆಯಿರಿ. ಎಳೆತ ಬಂತಲ್ವಾ? ಹಿಂದಿನ ಕೈಯೇ ಆಕ್ಸಿಲರೇಟರ್. ಬಿಟ್ಟರೆ ಇಳಿಯುತ್ತದೆ, ಎಳೆದರೆ ಏರುತ್ತದೆ.

ಹಿಂದಿನ ಕೈಯನ್ನು ಪೂರ್ತಿ ಬಿಟ್ಟು, ಮುಂದಿನ ಹಿಡಿಕೆ ಮಾತ್ರ ಹಿಡಿದರೆ ವಿಂಗ್ ಬಾವುಟದ ಹಾಗೆ ಪಟಪಟ ಅನ್ನುತ್ತಾ ಸೋಲುತ್ತದೆ. ಇದು ನಿಮ್ಮ ಬ್ರೇಕು. ಇದನ್ನು ನೂರು ಸಲ ಮಾಡಿ. ನಿಜವಾಗಿ ನೂರು ಸಲ. ಭಯ ಆದಾಗ ಮನುಷ್ಯನ ಕೈ ಬಿಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಬಿಗಿ ಹಿಡಿದರೆ ಇಲ್ಲಿ ಎಳೆತ ಜಾಸ್ತಿ ಆಗುತ್ತದೆ. ಆ ಅಭ್ಯಾಸ ತಪ್ಪಿಸುವುದಕ್ಕೇ ಈ ಎರಡು ವಾರ.

ಆಮೇಲೆ ಗಾಳಿಗೆ ಅಡ್ಡಲಾಗಿ ಹೊಲದ ಈ ಬದುವಿನಿಂದ ಆ ಬದುವಿಗೆ ನಡೆಯಿರಿ, ತಿರುಗಿ, ಕೈ ಬದಲಿಸಿ ವಾಪಸ್ ಬನ್ನಿ. ವಿಂಗಿನ ತುದಿ ನೆಲಕ್ಕೆ ತಾಗಬಾರದು. ಕಣ್ಣು ವಿಂಗಿನ ಮೇಲೆ ಇರಬಾರದು, ಎದುರಿನ ಬದುವಿನ ಮೇಲೆ ಇರಬೇಕು.

ನಮ್ಮ ಕೆರೆಯಲ್ಲೇ ಫಾಯಿಲ್ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹೂಳು ತುಂಬಿದ ಕೆರೆಯಲ್ಲಿ ನೀರು ಎಲ್ಲಿ ಎಷ್ಟಿದೆ ಅಂತ ಮೇಲಿಂದ ಕಾಣುವುದಿಲ್ಲ, ಒಳಗೆ ಜಾಲಿ ಬುಡ, ಜೊಂಡು. ಮಾಸ್ಟ್ ಸಿಕ್ಕಿಕೊಂಡರೆ ಬೋರ್ಡ್ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಬೇಡ.

ಕಡಲ ಗಾಳಿಗೆ ಟೈಮ್ ಟೇಬಲ್ ಇದೆ

ಕುಣಿಗಲ್, ಹಾಸನ, ಶಿರಾಡಿ ಘಾಟ್ ದಾಟಿ ಕರಾವಳಿಗೆ ಹೋದರೆ ನಮ್ಮ ಬಯಲುಸೀಮೆಯ ಗಾಳಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಾಗ ಆ ಜಾಗ ತುಂಬಲು ಕಡಲಿನ ತಂಪು ಗಾಳಿ ಒಳಗೆ ಬರುತ್ತದೆ. ರಾತ್ರಿ ಇದು ಉಲ್ಟಾ. ಹಾಗಾಗಿ ಚಳಿಗಾಲ, ಬೇಸಿಗೆಯ ದಿನಗಳಲ್ಲಿ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಿಂದಲೋ ವಾಯವ್ಯದಿಂದಲೋ ದಡಕ್ಕೆ. ನಡುವೆ ಒಂದಷ್ಟು ಹೊತ್ತು ಎಲೆಯೂ ಅಲ್ಲಾಡುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆವರೆಗೆ ಒಳ್ಳೆ ಹೊತ್ತು. ಸಂಜೆ ಆಗುತ್ತಾ ಬಂದ ಹಾಗೆ ಗಾಳಿ ಕೈಕೊಡುತ್ತದೆ.

ಇದರಲ್ಲಿ ಅಪಾಯದ ಹೊತ್ತು ಬೆಳಗ್ಗೆ. ನೀರು ಕನ್ನಡಿ ಥರ ಇರುತ್ತದೆ, ಆಸೆ ಆಗುತ್ತದೆ, ಆದರೆ ಗಾಳಿ ನಿಮ್ಮನ್ನು ಮೆಲ್ಲಗೆ ಒಳಗೆ ತಳ್ಳುತ್ತಿರುತ್ತದೆ. ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಕಲಿಯುವವರು ಇಳಿಯಲೇಬಾರದು. ದಡಕ್ಕೆ ಅಡ್ಡಲಾಗಿ ಬೀಸುವ ಗಾಳಿ ಉತ್ತಮ.

ಏಪ್ರಿಲ್, ಮೇ ಬಂತೆಂದರೆ ಇನ್ನೊಂದು ಕಾಟ. ಘಟ್ಟದ ಮೇಲೆ ಕಟ್ಟಿದ ಮೋಡ ಸಂಜೆ ಕೆಳಗಿಳಿಯುತ್ತದೆ. ಬೀಸುತ್ತಿದ್ದ ಗಾಳಿ ತಟ್ಟನೆ ನಿಲ್ಲುತ್ತದೆ, ಆಮೇಲೆ ತಣ್ಣನೆಯ ಗಾಳಿ ಪೂರ್ವದಿಂದ ನುಗ್ಗುತ್ತದೆ. ಒಮ್ಮೆ ನಾನು ಬೋರ್ಡ್ ಎತ್ತಿಕೊಂಡು ಹೊರಟಿದ್ದಾಗ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು "ಗಾಳಿ ತಿರುಗ್ತದೆ ಮಾರಾಯ್ರೆ, ಈಗ ಹೋಗ್ಬೇಡಿ" ಅಂದರು. ಮೊಬೈಲಿನ ಆ್ಯಪ್ 14 ನಾಟ್ (ಗಂಟೆಗೆ ಸುಮಾರು 26 ಕಿಲೋಮೀಟರ್), ಪಶ್ಚಿಮ ಅನ್ನುತ್ತಿತ್ತು. ನಾನು ಅವರ ಮಾತು ಕೇಳಿ ಕೂತೆ. ಅರ್ಧ ಗಂಟೆಯಲ್ಲಿ ದಡದ ಪ್ಲಾಸ್ಟಿಕ್ ಕುರ್ಚಿಗಳು ಕಡಲ ಕಡೆ ಉರುಳುತ್ತಿದ್ದವು. ಇನ್ನು ಜೂನ್ ಬಂತೆಂದರೆ ಮಾತೇ ಇಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ರಜೆ. ಮಳೆಗಾಲ ಮುಗಿಯುವ ತನಕ ನೀವೂ ಊರಲ್ಲಿರಿ.

ಇಳಿಯುವ ಮೊದಲು ಅರ್ಧ ಗಂಟೆ ದಡದಲ್ಲಿ ಕೂತು ನೀರು ನೋಡಿ. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ 10 ನಾಟ್ ಆಸುಪಾಸು, ಅಂದರೆ ಗಂಟೆಗೆ 18 ಕಿಲೋಮೀಟರ್. ಎಲ್ಲಾ ಕಡೆ ನೊರೆ ಇದ್ದರೆ 13, 14 ದಾಟಿದೆ. ನೀರಿನ ಮೇಲೆ ಕಪ್ಪಗೆ ಓಡಿ ಬರುವ ಪಟ್ಟೆ ಕಂಡರೆ ಅದು ರಭಸದ ಗಾಳಿ, ಇನ್ನು ಕೆಲವು ಸೆಕೆಂಡಿನಲ್ಲಿ ನಿಮ್ಮನ್ನು ತಲುಪುತ್ತದೆ.

ನೀರಿಗೆ

ಹೆಲ್ಮೆಟ್, ಲೈಫ್ ಜಾಕೆಟ್, ಕಲಿಸುವವರು ಒಬ್ಬರು. ಮೂರರಲ್ಲಿ ಒಂದು ಇಲ್ಲದಿದ್ದರೂ ಇಳಿಯಬೇಡಿ. ಬೋರ್ಡ್ ಗಾಳಿ ಬರುವ ಕಡೆ, ವಿಂಗ್ ಗಾಳಿ ಹೋಗುವ ಕಡೆ ಹಿಡಿದು ಎದೆಮಟ್ಟದ ನೀರಿಗೆ ನಡೆಯಿರಿ. ಉಲ್ಟಾ ಹಿಡಿದರೆ ವಿಂಗ್ ಹಾರಿ ಫಾಯಿಲಿಗೆ ಸಿಕ್ಕಿ ಹರಿಯುತ್ತದೆ. ನದಿ ಕಡಲು ಸೇರುವ ಅಳಿವೆಯಲ್ಲಿ ಅಲೆ ಕಮ್ಮಿ, ಆದರೆ ಇಳಿತದ ಹೊತ್ತಿನಲ್ಲಿ ನೀರಿನ ಸೆಳೆತ ಕಡಲ ಕಡೆಗೇ. ಉಬ್ಬರದ ಟೈಮ್ ಕೇಳಿಕೊಂಡು ಹೋಗಿ.

ಬೋರ್ಡನ್ನು ಗಾಳಿಗೆ ಅಡ್ಡ ಮಾಡಿ ಮಂಡಿಯೂರಿ. ವಿಂಗ್ ತಲೆ ಮೇಲೆ. ಸ್ವಲ್ಪ ಎಳೆದು ಓಡಲು ಬಿಡಿ, ಆಮೇಲೆ ಒಂದೊಂದೇ ಕಾಲು ಇಟ್ಟು ಎದ್ದು ನಿಲ್ಲಿ. ಮೊದಲ ದಿನ ಹಾರಲೇಬೇಡಿ, ಮುಂದಿನ ಕಾಲಿಗೆ ಭಾರ ಹಾಕಿ ಬೋರ್ಡನ್ನು ನೀರಿನ ಮೇಲೇ ಇಡಿ. ಅದು ಬಂದ ಮೇಲೆ ವೇಗ ಸಿಕ್ಕಾಗ ಹಿಂದಿನ ಕಾಲಿಗೆ ಚೂರೇ ಚೂರು ಭಾರ ಕೊಡಿ. ಬೋರ್ಡ್ ಏಳುತ್ತದೆ, ಕೆಳಗಿನ ಚಟಪಟ ಸದ್ದು ತಟ್ಟನೆ ನಿಲ್ಲುತ್ತದೆ. ಆ ನಿಶ್ಶಬ್ದಕ್ಕೆ ಎಲ್ಲರೂ ಬೆರಗಾಗಿ ಬೀಳುತ್ತಾರೆ, ನಾನೂ ಬಿದ್ದೆ. ಎದ್ದ ಕೂಡಲೇ ಭಾರ ಮುಂದಕ್ಕೆ. ಒಂದು ಗೇಣು ಏಳು, ಮತ್ತೆ ಇಳಿ. ಒಂದು ದಿನಕ್ಕೆ ಅಷ್ಟು ಸಾಕು.

ಬೀಳುವುದು ಖಂಡಿತ. ವಿಂಗನ್ನು ಗಾಳಿ ಹೋಗುವ ಕಡೆ ಬಿಟ್ಟು, ಬೋರ್ಡಿನಿಂದ ದೂರಕ್ಕೆ, ಮೈ ಚಪ್ಪಟೆ ಮಾಡಿ ಬೀಳಿ. ನೀರಿನಿಂದ ಏಳುವಾಗ ಕೈ ತಲೆ ಮೇಲಿರಲಿ. ಆ ರೆಕ್ಕೆ ಕುಡುಗೋಲಿಗೆ ಕಮ್ಮಿ ಇಲ್ಲ.

ಹಾರಿದ ಮೇಲೆ ಒಂದು ವಿಚಿತ್ರ ಆಗುತ್ತದೆ. ಶಿರಾ ರಸ್ತೆಯಲ್ಲಿ ಬೈಕ್ ಓಡಿಸುವಾಗ ಗಾಳಿ ಪಕ್ಕದಿಂದ ಬೀಸುತ್ತಿದ್ದರೂ ಮುಖಕ್ಕೇ ಹೊಡೆಯುತ್ತದಲ್ವಾ, ಅದೇ ಇಲ್ಲೂ. ಫಾಯಿಲ್ ಎದ್ದು ವೇಗ ಹೆಚ್ಚಾದ ಕೂಡಲೇ ಗಾಳಿ ಮುಂದಿನಿಂದ ಬಂದ ಹಾಗೆ ಅನ್ನಿಸುತ್ತದೆ, ವಿಂಗ್ ಪಟಪಟ ಅನ್ನುತ್ತದೆ. ಗಾಳಿ ನಿಂತಿತು ಅಂದುಕೊಳ್ಳಬೇಡಿ. ಹಿಂದಿನ ಕೈ ಸ್ವಲ್ಪ ಒಳಗೆ ಎಳೆಯಿರಿ.

ರಭಸದ ಗಾಳಿ ಬಂದರೆ? ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕ ಹಾಗೆ ಹೆಚ್ಚುತ್ತದೆ. 12 ನಾಟ್ ಇದ್ದದ್ದು 17 ಆದರೆ ಎಳೆತ ಡಬಲ್. ನೀರೊಳಗಿನ ರೆಕ್ಕೆಗೂ ಅದೇ ಲೆಕ್ಕ, ಗಂಟೆಗೆ 10 ಕಿಲೋಮೀಟರ್ ಇದ್ದದ್ದು 14 ಆದರೆ ಎತ್ತುವ ಬಲ ಹೆಚ್ಚುಕಮ್ಮಿ ಡಬಲ್. ಎರಡೂ ಒಟ್ಟಿಗೆ ಬರುವುದರಿಂದ ಬೋರ್ಡ್ ಜಿಗಿಯುತ್ತದೆ, ಮುಂದಿನ ರೆಕ್ಕೆ ನೀರಿನಿಂದ ಹೊರಬರುತ್ತದೆ, ನೀವು ದಾರ ಕಿತ್ತ ಪಟದ ಹಾಗೆ ಗೋತ ಹೊಡೆಯುತ್ತೀರಿ. ಹಾಗಾಗಿ ಕಪ್ಪು ಪಟ್ಟೆ ಕಂಡ ಕೂಡಲೇ ಮುಂದಿನ ಕಾಲು ಒತ್ತಿ, ಹಿಂದಿನ ಕೈ ಸಡಿಲಿಸಿ. ಗಾಳಿ ಬಂದ ಮೇಲೆ ಮಾಡಿದರೆ ತಡವಾಯಿತು.

ಹೊಸ ಸಾಮಾನಿನ ಬಗ್ಗೆ ಒಂದೇ ಮಾತು. ಒಂದು ದಿನಕ್ಕೆ ಒಂದೇ ಹೊಸತು. ನಾನು ಒಮ್ಮೆ ಹೊಸ 6 ಚದರ ಮೀಟರಿನ ವಿಂಗ್, ಹೊಸ ಚಿಕ್ಕ ರೆಕ್ಕೆ, ಎರಡನ್ನೂ ಒಂದೇ ಮಧ್ಯಾಹ್ನ ಹಾಕಿಕೊಂಡು ಇಳಿದೆ. ಆವತ್ತು ಗಾಳಿಯೂ ಏರಿಳಿಯುತ್ತಿತ್ತು. ಹನ್ನೊಂದು ಸಲ ಬಿದ್ದೆ, ತಪ್ಪು ಕೈಯದಾ, ಕಾಲಿನದಾ, ಗಾಳಿಯದಾ ಅಂತ ಇವತ್ತಿಗೂ ಗೊತ್ತಿಲ್ಲ. ಗಾಳಿ ಬದಲಾಗುತ್ತಿದ್ದರೆ ಹಳೆ ಸಾಮಾನು ಹಾಕಿ. ಸಾಮಾನು ಹೊಸದಾದರೆ ಒಂದೇ ಸಮ ಗಾಳಿ ಇರುವ ದಿನಕ್ಕೆ ಕಾಯಿರಿ.

ಗಾಳಿ ಪೂರ್ತಿ ನಿಂತರೆ ಬೋರ್ಡ್ ಮೇಲೆ ಬೋರಲು ಮಲಗಿ ಕೈಯಲ್ಲಿ ಹುಟ್ಟು ಹಾಕಿ. ಬೋರ್ಡ್ ಬಿಟ್ಟು ಈಜಬೇಡಿ. ದಡದಿಂದ ಹೀಗೆ ಹುಟ್ಟು ಹಾಕಿ ವಾಪಸ್ ಬರುವಷ್ಟು ದೂರ ಮಾತ್ರ ಹೋಗಿ.

ಕೊನೆಗೆ ತೊಳೆಯುವುದು. ಉಪ್ಪು ನೀರಿನಲ್ಲಿ ಅಲ್ಯೂಮಿನಿಯಂ ಮಾಸ್ಟ್ ಮತ್ತು ಸ್ಟೀಲ್ ಸ್ಕ್ರೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಪ್ರತಿ ಸಲ ಎಲ್ಲಾ ಬಿಚ್ಚಿ ಸಿಹಿ ನೀರಿನಲ್ಲಿ ತೊಳೆದು, ಒಣಗಿಸಿ, ಸ್ಕ್ರೂಗೆ ಗ್ರೀಸ್ ಹಚ್ಚಿಡಿ. ನಾನು ಮೊದಲ ಸಲ ಹಾಗೇ ಡಿಕ್ಕಿಯಲ್ಲಿ ಹಾಕಿಕೊಂಡು ಊರಿಗೆ ಬಂದು ಮೂರು ವಾರ ಮರೆತೆ. ಒಂದು ಸ್ಕ್ರೂ ಬರಲೇ ಇಲ್ಲ. ಅಂತರಸನಹಳ್ಳಿಯ ಲೇತ್ ಅಂಗಡಿಗೆ ಒಯ್ದು ಕೊರೆಸಿ ತೆಗೆಸಬೇಕಾಯಿತು. ಅವರು ಫಾಯಿಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾವ ಟ್ರ್ಯಾಕ್ಟರ್ ಪಾರ್ಟು ಸಾರ್?" ಅಂದರು.