ಒಪ್ಪಿಗೆ ಪತ್ರವನ್ನು ರೋಗಿಗಾಗಿ ಬರೆದಾಗ: ನನ್ನ ಅನುಭವ

ನಾನು ಸರ್ಜನ್. ಪಿತ್ತಕೋಶದ ಆಪರೇಷನ್ ನನ್ನ ದಿನನಿತ್ಯದ ಕೆಲಸ. ನಮ್ಮ ಹಳೆಯ ಒಪ್ಪಿಗೆ ಪತ್ರವನ್ನು ಹೆಚ್ಚಿನವರು ಓದುತ್ತಲೇ ಇರಲಿಲ್ಲ. "ಎಲ್ಲಿ ಸಹಿ ಹಾಕ್ಬೇಕು ಡಾಕ್ಟ್ರೇ?" ಅಂತ ಕೇಳಿ ಪೆನ್ನು ತೆಗೆದುಕೊಳ್ಳುತ್ತಿದ್ದರು. ಅದನ್ನು ಹೊಸದಾಗಿ ಬರೆಯಲು ಕೂತೆ.

ಮೊದಲು ಬದಲಿಸಿದ್ದು ವಿಷಯಗಳ ಕ್ರಮವನ್ನು. ಹಳೆಯದು ಆಸ್ಪತ್ರೆ ಯಾವುದಕ್ಕೆಲ್ಲ ಹೊಣೆಯಲ್ಲ ಎಂಬಲ್ಲಿಂದ ಶುರುವಾಗುತ್ತಿತ್ತು. ರೋಗಿಗೆ ಬೇಕಾದದ್ದೇ ಬೇರೆ ಅಲ್ವಾ? ನನಗೆ ಏನಾಗಿದೆ? ಏನು ಮಾಡ್ತೀರಿ? ಮಾಡಿಸದಿದ್ದರೆ ಏನಾಗುತ್ತೆ? ಬೇರೆ ದಾರಿ ಇದೆಯಾ? ಕೆಲಸಕ್ಕೆ ಯಾವಾಗ ಹೋಗಬಹುದು? ಈ ಪ್ರಶ್ನೆಗಳನ್ನೇ ತಲೆಬರಹ ಮಾಡಿ, ಕೆಳಗೆ ಉತ್ತರ ಬರೆದೆ.

ಆಮೇಲೆ ವಾಕ್ಯಗಳು. "ಪ್ರಕ್ರಿಯೆಯನ್ನು ತೆರೆದ ಶಸ್ತ್ರಚಿಕಿತ್ಸೆಗೆ ಪರಿವರ್ತಿಸುವ ಅಗತ್ಯ ಉದ್ಭವಿಸಬಹುದು" ಎಂದಿತ್ತು. ಅದು ಹೀಗಾಯಿತು: "ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ, ಕ್ಯಾಮೆರಾ ಬಿಟ್ಟು ಪಿತ್ತಕೋಶ ತೆಗೆಯುತ್ತೇವೆ. ಒಳಗೆ ಸರಿಯಾಗಿ ಕಾಣದಿದ್ದರೆ ಹೊಟ್ಟೆ ಕೊಯ್ದು ಆಪರೇಷನ್ ಮುಗಿಸಬೇಕಾಗಬಹುದು. ಆಗ ಗಾಯ ದೊಡ್ಡದಿರುತ್ತದೆ, ಆಸ್ಪತ್ರೆಯಲ್ಲಿ ಇನ್ನಷ್ಟು ದಿನ ಇರಬೇಕಾಗುತ್ತದೆ." ಹೊಸದು ಉದ್ದ ಜಾಸ್ತಿ, ನಿಜ. ಆದರೆ ತನ್ನ ಮೈಗೆ ಏನಾಗುತ್ತದೆ ಅನ್ನುವುದು ಇದರಲ್ಲಿ ಕಾಣುತ್ತದೆ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ಅಪಾಯ ಹೇಳುವ ಭಾಗದಲ್ಲಿ. "ಅಪರೂಪ" ಅಂದರೆ ಒಬ್ಬರಿಗೆ ನೂರಕ್ಕೊಂದು, ಇನ್ನೊಬ್ಬರಿಗೆ ಲಕ್ಷಕ್ಕೊಂದು. ಹಾಗಾಗಿ ಅಂಕಿ ಕೊಡಲೇಬೇಕು. ಆದರೆ 25ರಲ್ಲಿ ಒಬ್ಬರಿಗೆ, 200ರಲ್ಲಿ ಒಬ್ಬರಿಗೆ ಅಂತ ಬೇರೆ ಬೇರೆ ಲೆಕ್ಕ ಕೊಟ್ಟರೆ 200 ದೊಡ್ಡ ಸಂಖ್ಯೆಯಾದ್ದರಿಂದ ಅದೇ ದೊಡ್ಡ ಅಪಾಯ ಅಂದುಕೊಳ್ಳುವವರಿದ್ದಾರೆ. ಎಲ್ಲವನ್ನೂ 1000 ಜನರ ಲೆಕ್ಕಕ್ಕೆ ತಂದೆ. ಎರಡೂ ಕಡೆ ಬರೆದೆ: "1000 ಜನರಲ್ಲಿ ಸುಮಾರು 3 ಮಂದಿಗೆ ಪಿತ್ತನಾಳಕ್ಕೆ (ಪಿತ್ತರಸ ಕರುಳಿಗೆ ಹೋಗುವ ಕೊಳವೆಗೆ) ಪೆಟ್ಟಾಗುತ್ತದೆ, ಸುಮಾರು 997 ಮಂದಿಗೆ ಆಗುವುದಿಲ್ಲ." ಇದು ಸುಮ್ನೆ ಮಾಡಿದ್ದಲ್ಲ. ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅದೇ ಅಂಕಿಯನ್ನು ಬದುಕುವವರ ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಸಾಯುವವರ ಲೆಕ್ಕದಲ್ಲಿ ಹೇಳಿದಾಗ ಆಪರೇಷನ್ ಆರಿಸಿದವರು ಕಡಿಮೆಯಾದರು. ಡಾಕ್ಟರುಗಳೂ ಹಾಗೇ ಮಾಡಿದ್ದರು!

ಕರಡನ್ನು ರೋಗಿಗಳಿಗೇ ಕೊಟ್ಟು ಓದಿಸಿದೆ. "ಅರ್ಥ ಆಯ್ತಾ?" ಅಂತ ಕೇಳಲಿಲ್ಲ, ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. "ಮನೆಯವರು ಕೇಳಿದ್ರೆ ಏನು ಹೇಳ್ತೀರಿ? ನಾನು ಸರಿಯಾಗಿ ಬರೆದಿದೀನಾ ಅಂತ ನೋಡ್ಬೇಕು" ಅಂದೆ. ಆಗ ಗೊತ್ತಾಯಿತು, ಕೆಲವರು ಪಿತ್ತಕೋಶದೊಳಗಿನ ಕಲ್ಲು ಮಾತ್ರ ತೆಗೆದು ಪಿತ್ತಕೋಶ ಉಳಿಸುತ್ತೇವೆ ಅಂದುಕೊಂಡಿದ್ದರು. ಸಹಿ ಹಾಕಿ ಆಪರೇಷನ್ ಆದ ಮೇಲೆ ಇದು ತಿಳಿದಿದ್ದರೆ ಅವರಿಗೆ ಹೇಗನ್ನಿಸಬೇಕು? ಮೊದಲ ಪುಟದಲ್ಲೇ ಸೇರಿಸಿದೆ: "ಇಡೀ ಪಿತ್ತಕೋಶವನ್ನೇ ತೆಗೆಯುತ್ತೇವೆ. ಆಮೇಲೆ ಪಿತ್ತರಸ ಲಿವರ್‌ನಿಂದ ನೇರವಾಗಿ ಕರುಳಿಗೆ ಹೋಗುತ್ತದೆ. ಊಟ ಜೀರ್ಣವಾಗುತ್ತದೆ."

ಆಸ್ಪತ್ರೆಯ ವಕೀಲರಿಗೆ ಆತಂಕವಿತ್ತು, ಏನಾದರೂ ಬಿಟ್ಟುಹೋದರೆ ಅಂತ. ಬ್ರಿಟನ್ನಿನ ಸುಪ್ರೀಂ ಕೋರ್ಟು 2015ರಲ್ಲಿ ಮಾಂಟ್ಗೊಮರಿ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ತೋರಿಸಿದೆ. ಆ ರೋಗಿಯ ಜಾಗದಲ್ಲಿ ಇರುವವರಿಗೆ ಯಾವ ಅಪಾಯ ಮುಖ್ಯ ಅನ್ನಿಸುತ್ತದೋ ಅದನ್ನು ಹೇಳಬೇಕು ಎನ್ನುತ್ತದೆ ಅದು. ಅರ್ಥವಾಗದ ತಾಂತ್ರಿಕ ವಿವರ ಸುರಿದು ಸಹಿ ಹಾಕಿಸಿಕೊಂಡರೆ ಡಾಕ್ಟರ ಕರ್ತವ್ಯ ಮುಗಿಯುವುದಿಲ್ಲ ಎಂದೂ ಹೇಳುತ್ತದೆ. ಅದಕ್ಕೇ "ನಿಮಗೆ ಮುಖ್ಯವಾದದ್ದು" ಅಂತ ಖಾಲಿ ಜಾಗ ಬಿಟ್ಟೆ. ಹಾಡುವವರಿಗೆ, ಅರಿವಳಿಕೆಯ ಕೊಳವೆಯಿಂದ ದನಿ ಕೆಲ ದಿನ ಒಡೆಯಬಹುದು ಅನ್ನುವುದೇ ದೊಡ್ಡ ವಿಷಯ. ಅವರ ಎದುರೇ ಅದನ್ನು ಬರೆಯುತ್ತೇನೆ.

ಈಗ ಪತ್ರವನ್ನು ಆಪರೇಷನ್ನಿಗೆ ದಿನ ಗೊತ್ತುಮಾಡುವಾಗಲೇ ಕೊಟ್ಟು ಮನೆಗೆ ಕಳಿಸುತ್ತೇವೆ. ಸ್ಟ್ರೆಚರ್ ಮೇಲೆ ಮಲಗಿದವರ ಕೈಗೆ ಮೊದಲ ಸಲ ಕೊಡುವುದು ನಿಂತಿದೆ. ಓದಲು ಬಾರದವರಿಗೆ ಅದೇ ಮಾತುಗಳನ್ನು ರೆಕಾರ್ಡ್ ಮಾಡಿ ಫೋನಿಗೆ ಕಳಿಸುತ್ತೇವೆ. ಅದರ ಕೊನೆಯಲ್ಲಿ, ಸಹಿ ಹಾಕಿದ ಮೇಲೂ ಬೇಡ ಅನ್ನಬಹುದು ಅಂತ ನನ್ನ ದನಿಯಲ್ಲೇ ಹೇಳಿದ್ದೇನೆ.